ಮೈಗ್ರೇನ್ ತಡೆಯೋಕೆ ದಿನದ ಮಾತ್ರೆಯೋ, ತಿಂಗಳ ಇಂಜೆಕ್ಷನ್ನೋ?

ತಿಂಗಳಲ್ಲಿ ನಾಲ್ಕಕ್ಕಿಂತ ಜಾಸ್ತಿ ದಿನ ಮೈಗ್ರೇನ್ ಕಾಡುತ್ತಿದ್ದರೆ, ಬಂದಾಗ ಮಾತ್ರೆ ನುಂಗಿದರೆ ಸಾಲದು. ಬರದಂತೆ ತಡೆಯುವ ಔಷಧಿಯ ಬಗ್ಗೆ ವೈದ್ಯರನ್ನು ಕೇಳಬೇಕು.

ಹಳೆಯ ಮಾತ್ರೆಗಳು ಅಗ್ಗ, ಆದರೆ ದಿನಾ ತಗೋಬೇಕು. ಇವು ಮೈಗ್ರೇನ್‌ಗೆಂದೇ ಹುಟ್ಟಿದವಲ್ಲ. ಪ್ರೊಪ್ರನೊಲಾಲ್ ಹೃದಯದ ಔಷಧಿ. ಆಸ್ತಮಾ ಇದ್ದವರಿಗೆ ಬೇಡ. ಅಮಿಟ್ರಿಪ್ಟಿಲಿನ್ ನಿದ್ದೆ ಬಾರದವರಿಗೆ ಒಳ್ಳೆಯದೇ, ಆದರೆ ತೂಕ ಏರಬಹುದು. ಟೋಪಿರಮೇಟ್‌ನಿಂದ ತೂಕ ಇಳಿಯುತ್ತದೆ, ಕೈಕಾಲು ಜುಮ್ಮೆನ್ನುತ್ತದೆ, ಕೆಲವರಿಗೆ ಮಾತಿನ ನಡುವೆ ಪದವೇ ಸಿಗುವುದಿಲ್ಲ. ಗರ್ಭದಲ್ಲಿರುವ ಮಗುವಿಗೂ ಅದು ಅಪಾಯ. ಅರ್ಧದಲ್ಲೇ ಬಿಡುವವರು ಬಹಳ, ಅದು ಅವರ ತಪ್ಪಲ್ಲ.

ಎರೆನುಮ್ಯಾಬ್‌ನಂಥ ಇಂಜೆಕ್ಷನ್‌ಗಳು ಮೈಗ್ರೇನ್‌ಗೆಂದೇ ಬಂದವು. ನೋವಿನ ಸಂದೇಶ ಸಾಗಿಸುವ ಸಿಜಿಆರ್‌ಪಿ ಎಂಬ ವಸ್ತುವಿನ ಕೆಲಸವನ್ನು ತಡೆಯುತ್ತವೆ. 2018ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿತು. ಸಾಮಾನ್ಯವಾಗಿ ತಿಂಗಳಿಗೊಂದು ಚುಚ್ಚು. ಮಲಬದ್ಧತೆ ಬರಬಹುದು, ಬಿಪಿ ಏರಬಹುದು. ಬೆಲೆ ಮಾತ್ರ ತುಂಬಾ ಜಾಸ್ತಿ.

ಹಣ ಮುಖ್ಯವಾದರೆ ಮಾತ್ರೆಯಿಂದಲೇ ಶುರು ಮಾಡಿ, ಸರಿಯಾದ ಡೋಸ್‌ನಲ್ಲಿ ಎರಡು ತಿಂಗಳು ನೋಡಿ. ಒಗ್ಗದಿದ್ದರೆ ಸುಮ್ನೆ ಸಹಿಸಬೇಡಿ, ಇಂಜೆಕ್ಷನ್ ಕೇಳಿ. ಮಗು ಬೇಕೆಂದಿದ್ದರೆ ಮೊದಲೇ ಹೇಳಿ: ಇಂಜೆಕ್ಷನ್ ನಿಲ್ಲಿಸಿದರೂ ಅದರ ಅಂಶ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ.