ತಾನಾಬಾತಾ ರಾತ್ರಿ, ಇಂದಿರಾನಗರದ ಇಜಾಕಾಯದಲ್ಲಿ

ಜುಲೈ 7ರ ಸಂಜೆ, ಜಿಟಿಜಿಟಿ ಮಳೆಯಲ್ಲೇ ನಾವು ಮೂವರು ಸ್ನೇಹಿತರು ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿರುವ ಜಪಾನಿ ಶೈಲಿಯ ಬಾರ್‌ಗೆ ಹೋದೆವು. ಕುಡಿಯುತ್ತಾ, ಸಣ್ಣ ಸಣ್ಣ ತಟ್ಟೆಗಳಲ್ಲಿ ತಿನ್ನುತ್ತಾ, ನಿಧಾನವಾಗಿ ಕೂರುವ ಇಂಥ ಜಾಗಕ್ಕೆ ಜಪಾನಿನಲ್ಲಿ ಇಜಾಕಾಯ ಎನ್ನುತ್ತಾರೆ. ಅಂದು ತಾನಾಬಾತಾ ಹಬ್ಬವಾದ್ದರಿಂದ ಬಾಗಿಲಲ್ಲಿ ಕೆಂಪು ಕಾಗದದ ಲಾಟೀನಿನ ಪಕ್ಕ ಆಳೆತ್ತರದ ಹಸಿ ಬಿದಿರನ್ನು ನಿಲ್ಲಿಸಿ, ಅದರ ತುಂಬ ಬಣ್ಣದ ಕಾಗದದ ಪಟ್ಟಿಗಳನ್ನು ಕಟ್ಟಿದ್ದರು.

ವರ್ಷವಿಡೀ ಅಗಲಿರುವ ನೇಯ್ಗೆಯ ಕನ್ಯೆ ಒರಿಹಿಮೆ ಮತ್ತು ದನಗಾಹಿ ಹಿಕೊಬೊಶಿ ಏಳನೆಯ ತಿಂಗಳ ಏಳನೆಯ ರಾತ್ರಿ ಆಕಾಶದ ನದಿಯನ್ನು ದಾಟಿ ಒಂದಾಗುತ್ತಾರೆ ಎಂಬುದು ಚೀನಾದಿಂದ ಜಪಾನಿಗೆ ಬಂದ ಈ ಹಬ್ಬದ ಕತೆ. ಆ ನದಿ ನಮ್ಮ ಆಕಾಶಗಂಗೆಯೇ. ಅವಳ ನಕ್ಷತ್ರವನ್ನು ನಾವು ಅಭಿಜಿತ್ ಎನ್ನುತ್ತೇವೆ, ಅವನದನ್ನು ಶ್ರವಣ ಎನ್ನುತ್ತೇವೆ. ಬಂದವರು ಪಟ್ಟಿಯ ಮೇಲೆ ತಮ್ಮ ಕೋರಿಕೆಯನ್ನು ಬರೆದು ಬಿದಿರಿಗೆ ಕಟ್ಟಬೇಕು. ಗುಡಿಯ ಮರಕ್ಕೆ ಹರಕೆ ಕಟ್ಟುವುದನ್ನು ನೋಡಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಜಪಾನಿ ಲಿಪಿಯ ಹಲವು ಪಟ್ಟಿಗಳ ನಡುವೆ, ಗುಂಡಗಿನ ಕನ್ನಡ ಅಕ್ಷರಗಳಲ್ಲಿ ಯಾರೋ 'ಅಮ್ಮನ ಮಂಡಿನೋವು ಕಡಿಮೆಯಾಗಲಿ' ಎಂದು ಬರೆದಿದ್ದನ್ನು ಕಂಡು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಇಲ್ಲಿಗೆ ಹೋಗುವವರು ಸಾಧ್ಯವಾದರೆ ಇದ್ದಿಲ ಒಲೆಯ ಮುಂದಿನ ಎಂಟು ಆಸನಗಳಲ್ಲೇ ಕೂರಬೇಕು. ಬಾಣಸಿಗರು ಎರಡು ಇದ್ದಿಲ ತುಂಡುಗಳನ್ನು ಒಂದಕ್ಕೊಂದು ತಟ್ಟಿ ತೋರಿಸಿದಾಗ, ಲೋಹಕ್ಕೆ ಲೋಹ ತಾಗಿದಂಥ ಸದ್ದು ಬಂತು. ಬಿಂಚೋತಾನ್ ಎಂಬ ಈ ಗಟ್ಟಿ ಇದ್ದಿಲು ಹೊಗೆಯಿಲ್ಲದೆ ಬಹಳ ಹೊತ್ತು ಉರಿಯುವುದರಿಂದ, ಕಡ್ಡಿಗೆ ಚುಚ್ಚಿದ ಕೋಳಿಯ ತೊಡೆಮಾಂಸ ಹೊರಗೆ ಗರಿಗರಿಯಾಗಿ, ಒಳಗೆ ರಸ ಉಳಿಸಿಕೊಂಡು ಬೇಯುತ್ತದೆ. ಸಿಹಿ ಮಿಶ್ರಿತ ಸೋಯಾ ರಸದಲ್ಲಿ ಅದ್ದಿ ಮತ್ತೆ ಕೆಂಡಕ್ಕೆ ಹಿಡಿದ ಯಾಕಿತೋರಿಗಿಂತ (ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ) ಬರೀ ಉಪ್ಪು ಹಚ್ಚಿದ್ದೇ ನನಗೆ ಹೆಚ್ಚು ರುಚಿಸಿತು. ಶಿಟಾಕೆ ಅಣಬೆಯೂ ಸೊಗಸಾಗಿತ್ತು. ಸಲಾಡ್ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಜಪಾನಿನ ಅಕ್ಕಿಮದ್ಯವಾದ ಸಾಕೆಯ ವಿಷಯದಲ್ಲಿ ಇವರು ಇನ್ನೂ ಕಲಿಯಬೇಕಿದೆ. ಅಕ್ಕಿಯ ಹೊರಪದರವನ್ನು ಕನಿಷ್ಠ ಶೇ 40ರಷ್ಟು ಉಜ್ಜಿ ತೆಗೆದು, ಉಳಿದ ತಿರುಳನ್ನು ಹಬೆಯಲ್ಲಿ ಬೇಯಿಸಿ, ಕೋಜಿ ಎಂಬ ಬೂಷ್ಟಿನ ನೆರವಿನಿಂದ ಹುದುಗಿಸಿದ ಗಿಂಜೋ ದರ್ಜೆಯ ಸಾಕೆಯಲ್ಲಿ ಹಣ್ಣಿನಂಥ ನವಿರಾದ ಪರಿಮಳವಿರುತ್ತದೆ. ಅದನ್ನು ತಣ್ಣಗೆ ಕೊಡುವುದು ವಾಡಿಕೆ. ನಮಗೆ ಅದನ್ನೇ ಬಿಸಿಬಿಸಿಯಾಗಿ ತಂದರು. ಪರಿಮಳವೆಲ್ಲ ಹಾರಿಹೋಗಿ ಮದ್ಯದ ಘಾಟು ಮಾತ್ರ ಉಳಿದಿತ್ತು. ಹೇಳಿದ ಮೇಲೆ ಬದಲಿಸಿಕೊಟ್ಟರು. ಒಂಬತ್ತೂವರೆಯ ನಂತರ ಸಂಗೀತದ ಸದ್ದು ಏರಿ, ಪಕ್ಕದವರ ಮಾತೂ ಕೇಳದಂತಾಯಿತು. ಹಬ್ಬದ ರಾತ್ರಿಗೆ ಅದು ಬೇಕಿರಲಿಲ್ಲ.

ನಿಜವಾಗಿ ನೋಯಿಸಿದ್ದು ಸೋಮೆನ್. ತಾನಾಬಾತಾದಂದು ತಿನ್ನುವ ಈ ತಣ್ಣನೆಯ ಎಳೆ ಶಾವಿಗೆಯನ್ನು, ಮಾಂಸಾಹಾರ ಮುಟ್ಟದ ನಮ್ಮ ಗೆಳತಿ 'ವೆಜ್ ತಾನೇ?' ಎಂದು ಕೇಳಿಯೇ ತರಿಸಿದ್ದಳು. ಬಡಿಸುವ ಹುಡುಗ ಹೌದೆಂದಿದ್ದ. ಶಾವಿಗೆ ಅದ್ದಿಕೊಳ್ಳುವ ಸಾರನ್ನು ಸಾಮಾನ್ಯವಾಗಿ ಕಾತ್ಸುಒಬುಶಿ ಎಂಬ ಒಣಮೀನಿನ ಹೆರೆಗಳಿಂದ ತಯಾರಿಸುತ್ತಾರೆ ಎಂಬುದು ನೆನಪಾಗಿ ನಾನು ಬಾಣಸಿಗರನ್ನು ಕೇಳಿದಾಗ, ಅವರು ಮೀನಿನದ್ದೇ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಅವಳು ಎರಡು ತುತ್ತು ತಿಂದಾಗಿತ್ತು. ಒಣಗಿದ ಕೊಂಬು ಕಡಲಸಸ್ಯದಿಂದಲೂ ಇದೇ ಸಾರನ್ನು ಮಾಡಬಹುದು. ಬೆಂಗಳೂರಿನಲ್ಲಿ ಬಾಗಿಲು ತೆರೆದವರು ಅದನ್ನು ಸಿದ್ಧವಾಗಿಟ್ಟಿರಬೇಕು. ಇಂಥ ಅಡುಗೆಮನೆಗಳಲ್ಲಿ ಶಾವಿಗೆ, ಬದನೆಕಾಯಿ, ತೋಫು ಏನೇ ಇರಲಿ, ಸಸ್ಯಾಹಾರಿಗಳು 'ಸಾರು ಯಾವುದರದ್ದು?' ಎಂದೇ ಕೇಳಬೇಕು.

ಮೂವರಿಗೆ ತೆರಿಗೆ ಸೇರಿ ಸುಮಾರು 9,000 ರೂಪಾಯಿ ಆಯಿತು. ಸೋಮೆನ್‌ಗೆ ಹಣ ತೆಗೆದುಕೊಳ್ಳಲಿಲ್ಲ. ವ್ಯವಸ್ಥಾಪಕರು ಗೆಳತಿಯ ಬಳಿ ಬಂದು ಕ್ಷಮೆ ಕೇಳಿದರು. ನಾವು ಕೊಡೆ ಬಿಡಿಸುತ್ತಿದ್ದಾಗ ಅವರು ಬಾಗಿಲ ಬಳಿ ನಿಂತು, ಮೆನುವಿನ ಪ್ರತಿಗಳನ್ನು ಒಂದೊಂದಾಗಿ ತೆರೆದು, ಸೋಮೆನ್ ಪಕ್ಕದ ಹಸಿರು ಚುಕ್ಕಿಯನ್ನು ಪೆನ್ನಿನಿಂದ ಹೊಡೆದುಹಾಕುತ್ತಿದ್ದರು.