ದಿ ಒನ್ ರಿಂಗ್, ಎರಡನೇ ಆವೃತ್ತಿ: ಎರಡೂವರೆ ವರ್ಷ ಆಡಿದ ಮೇಲೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತಾ ಕಥೆ ನಡೆಸುವ ಆಟ ಇದು. ಇದನ್ನು ತರಿಸಿದಾಗ ನನಗೆ ದೊಡ್ಡ ನಂಬಿಕೆ ಏನೂ ಇರಲಿಲ್ಲ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಗೆ ಟೋಲ್ಕೀನ್ ಕಟ್ಟಿದ ಕಾಲ್ಪನಿಕ ಲೋಕ ಮಿಡ್ಲ್-ಅರ್ಥ್‌ನಲ್ಲಿ ಕೂತು ಆಡೋದು ಅಂದರೆ ಏನು? ಆ ಕಥೆಯ ಮಾಯದ ಉಂಗುರ ಕೊನೆಗೆ ಬೆಂಕಿಗೆ ಬೀಳುತ್ತದೆ, ಅದನ್ನು ಮಾಡಿದ ದುಷ್ಟ ಸೌರಾನ್ ಸೋಲುತ್ತಾನೆ. ಎಲ್ಲರಿಗೂ ಗೊತ್ತು. ನಮ್ಮ ಪಾತ್ರಗಳು ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕಬೇಕು?

ಆಮೇಲೆ ಎರಡೂವರೆ ವರ್ಷ ಕಳೆಯಿತು. ತಿಂಗಳಿಗೆ ಎರಡು ಭಾನುವಾರ, ನಮ್ಮ ಮನೆಯ ಊಟದ ಮೇಜು, ನಾಲ್ಕು ಆಟಗಾರರು, ಜೊತೆಗೆ ಲೋರ್‌ಮಾಸ್ಟರ್ ನಾನು. ಕಥೆ ನಡೆಸುವವನಿಗೆ, ಬೇರೆ ಆಟಗಳಲ್ಲಿ ಡಿಎಂ (ಡಂಜನ್ ಮಾಸ್ಟರ್) ಅನ್ನುವವನಿಗೆ, ಇಲ್ಲಿ ಈ ಹೆಸರು. ಮದುವೆ, ಪರೀಕ್ಷೆ, ಜ್ವರ ಎಲ್ಲ ಕಳೆದು 48 ಸಲ ಕೂತಿದ್ದೇವೆ.

ಇದು ಸ್ವೀಡನ್ನಿನ ಫ್ರೀ ಲೀಗ್ ಹೊರತಂದ ಆವೃತ್ತಿ. 2011ರ ಮೊದಲ ಆವೃತ್ತಿ ಬೇರೆ ಪ್ರಕಾಶಕರದು, ಅದರ ಕಥೆ ಮಂಜಿನ ಬೆಟ್ಟಗಳ ಆಚೆ, ಪೂರ್ವದಲ್ಲಿ ನಡೆಯುತ್ತಿತ್ತು. ಇದು ಬೆಟ್ಟದ ಈಚೆಗಿನ ಎರಿಯಾಡೋರ್. ಕಾಲ ಮೂರನೇ ಯುಗದ 2965. ಈ ಇಸವಿ ಆರಿಸಿದ್ದರಲ್ಲೇ ಅರ್ಧ ಜಾಣತನ ಇದೆ. ಆ ಉಂಗುರ ಸಿಕ್ಕಿದ ಬಿಲ್ಬೋ ಒಬ್ಬ ಹಾಬಿಟ್, ಅಂದರೆ ಗಿಡ್ಡ ಮೈಯ ಜನರ ಕುಲದವ. ಅವನಿಗೆ 75 ವರ್ಷ, ಬ್ಯಾಗ್ ಎಂಡ್ ಅನ್ನುವ ತನ್ನ ಮನೆಯಲ್ಲಿ ಆರಾಮಾಗಿದ್ದಾನೆ. ಮುಂದೆ ಉಂಗುರ ಹೊತ್ತು ನಡೆಯುವ ಫ್ರೋಡೋ ಇನ್ನೂ ಹುಟ್ಟಿಲ್ಲ. ಸೌರಾನ್ ತನ್ನ ನಾಡು ಮೋರ್ಡೋರ್‌ನಲ್ಲಿ ತಾನಿದ್ದೇನೆ ಅಂತ ಬಹಿರಂಗವಾಗಿ ಸಾರಿ 14 ವರ್ಷ ಆಗಿದೆ, ದೊಡ್ಡ ಯುದ್ಧಕ್ಕೆ ಇನ್ನೂ ಐವತ್ತು ವರ್ಷ ಇದೆ. ಮುಂದೆ ರಾಜನಾಗುವ ಆರಗಾರ್ನ್ ಬೇರೆ ಹೆಸರಿಟ್ಟುಕೊಂಡು ದೂರದ ರಾಜರ ಸೇವೆಯಲ್ಲಿದ್ದಾನೆ. ಅಂದರೆ ದೊಡ್ಡವರು ಯಾರೂ ಊರಲ್ಲಿಲ್ಲ. ಕೆಲಸ ಮಾತ್ರ ಬೇಕಾದಷ್ಟಿದೆ.

ದಾಳದ ಲೆಕ್ಕ ಸುಲಭ. ಹನ್ನೆರಡು ಮುಖದ್ದು ಒಂದು, ಜೊತೆಗೆ ಕೌಶಲ ಎಷ್ಟಿದೆಯೋ ಅಷ್ಟು ಆರು ಮುಖದವು. ಮೈಬಲ, ಹೃದಯ, ಬುದ್ಧಿ ಈ ಮೂರರಲ್ಲಿ ಆ ಕೆಲಸಕ್ಕೆ ಸೇರಿದ್ದನ್ನು 20ರಿಂದ ಕಳೆದರೆ ಎಷ್ಟು ಬರುತ್ತದೋ ಅಷ್ಟನ್ನು ಮುಟ್ಟಬೇಕು. ದೊಡ್ಡ ದಾಳದಲ್ಲಿ ಒಂದರಿಂದ ಹತ್ತು, ಒಂದು ಮುಖದಲ್ಲಿ ಕಥೆಯ ಮಂತ್ರವಾದಿ ಗ್ಯಾಂಡಾಲ್ಫನ ಗುರುತು, ಇನ್ನೊಂದರಲ್ಲಿ ಸೌರಾನನ ಕಣ್ಣು. ಗ್ಯಾಂಡಾಲ್ಫ್ ಬಂದರೆ ಗೆದ್ದಂತೆಯೇ. ಕಣ್ಣು ಬಂದರೆ ಆ ದಾಳದ ಬೆಲೆ ಸೊನ್ನೆ. ವಿಶೇಷ ದಾಳ ಇಲ್ಲದಿದ್ದರೆ ಮಾಮೂಲಿ ಹನ್ನೆರಡರ ದಾಳವೇ ಸಾಕು: 11 ಕಣ್ಣು, 12 ಗ್ಯಾಂಡಾಲ್ಫ್. ನಮ್ಮ ಮೇಜಿನಲ್ಲಿ ಇದಕ್ಕೆ ಬೇರೆ ಪದ ಹುಡುಕುವ ಕೆಲಸವೇ ಬರಲಿಲ್ಲ. ಮೊದಲ ದಿನವೇ ಯಾರೋ "ಅಯ್ಯೋ, ಕಣ್ಣು ಬಿತ್ತು" ಅಂದರು, ಅದೇ ನಿಂತಿತು. ಈಗ ಯಾರಿಗಾದರೂ ಸತತ ಎರಡು ಸಲ ಕಣ್ಣು ಬಿದ್ದರೆ ದಾಳಕ್ಕೆ ಉಪ್ಪು ನಿವಾಳಿಸುವ ಪದ್ಧತಿಯೂ ಇದೆ. ಇದು ನಿಯಮ ಪುಸ್ತಕದಲ್ಲಿಲ್ಲ.

ಆಟದ ಜೀವ ಇರುವುದು ಪ್ರಯಾಣದಲ್ಲಿ. ಬೇರೆ ಆಟಗಳಲ್ಲಿ "ಹತ್ತು ದಿನ ನಡೆದು ತಲುಪಿದಿರಿ" ಅಂತ ದಾಟಿಸಿಬಿಡುತ್ತೇವೆ, ಅಲ್ವಾ? ಇಲ್ಲಿ ಹಾಗಿಲ್ಲ. ಗೈಡ್, ಸ್ಕೌಟ್, ಹಂಟರ್, ಲುಕ್-ಔಟ್ ಅಂತ ನಾಲ್ಕು ಕೆಲಸ ಹಂಚಿಕೊಂಡು, ನಕ್ಷೆಯ ಮೇಲೆ ಷಟ್ಕೋನ ಎಣಿಸುತ್ತಾ ನಡೆಯಬೇಕು. ದಾರಿಯಲ್ಲಿ ದಣಿವು ಸೇರುತ್ತಾ ಹೋಗುತ್ತದೆ. ಹೊತ್ತ ಹೊರೆಗೆ ಈ ದಣಿವೂ ಸೇರಿ ಮೈಯ ತ್ರಾಣವನ್ನು ಮುಟ್ಟಿತೋ, ನಿಮ್ಮ ಪಾತ್ರ ಸುಸ್ತು. ಸುಸ್ತಾದವನಿಗೆ ಸಣ್ಣ ದಾಳದ 1, 2, 3 ಎಲ್ಲ ಸೊನ್ನೆ.

ಒಂದು ಸಲ ಶರತ್ಕಾಲದ ಕೊನೆಗೆ ಬ್ರೀ ಅನ್ನುವ ಊರಿಂದ ಪೂರ್ವದ ರಿವೆಂಡೆಲ್‌ಗೆ ಹೊರಟಿದ್ದೆವು. ನಮ್ಮ ರೇಂಜರ್, ಅಂದರೆ ಅಲೆಮಾರಿ ಯೋಧನ ಪಾತ್ರ ಆಡುವವನು, ಕಬ್ಬಿಣದ ಅಂಗಿ ಬಿಡಲಾರೆ ಅಂತ ಹಠ ಹಿಡಿದಿದ್ದ. ಬಿಟ್ಟು ಬಾ ಅಂತ ಹಾಬಿಟ್ ಆಡುವವಳು ಮೂರು ಸಲ ಹೇಳಿದ್ದಳು. ವೆದರ್‌ಟಾಪ್ ದಾಟಿ, ಕೊನೆಯ ಸೇತುವೆ ಇನ್ನೂ ಸಿಗದ ಜಾಗದಲ್ಲಿ ಅವನು ಕಾವಲಿಗೆ ದಾಳ ಎಸೆದ. ಬೇಕಾದದ್ದು 14. ದೊಡ್ಡ ದಾಳ 7. ಸಣ್ಣವು 3, 2, 3. ಕೂಡಿದರೆ 15, ಗೆದ್ದೆ ಅಂತ ಕೈ ಎತ್ತಿದ. ಹಾಬಿಟ್ ಅವನ ಹಾಳೆಯಲ್ಲಿ ಸುಸ್ತು ಅಂತ ಗುರುತು ಹಾಕಿದ್ದ ಚೌಕದ ಮೇಲೆ ಬೆರಳಿಟ್ಟು ಸುಮ್ನೆ ಕೂತಳು. ಮೂರೂ ದಾಳ ಸೊನ್ನೆ, ಉಳಿದದ್ದು ಏಳು. ಆಮೇಲಿಂದ ಆ ಅಂಗಿ ಬ್ರೀಯ ಪೆಟ್ಟಿಗೆಯಲ್ಲೇ ಇದೆ.

ಕಾದಾಟ ಚೆನ್ನಾಗಿದೆ, ಆದರೆ ಅದಕ್ಕಾಗಿ ಯಾರೂ ಈ ಆಟ ಕೊಳ್ಳಬೇಕಿಲ್ಲ. ಮಾತುಕತೆಗೆ ಕೌನ್ಸಿಲ್ ಅಂತ ಒಂದು ನಿಯಮ ಇದೆ. ಇಷ್ಟು ಪ್ರಯತ್ನದೊಳಗೆ ಇಷ್ಟು ಗೆಲುವು ಬೇಕು ಅನ್ನುವ ಲೆಕ್ಕ. ನಮಗೆ ಅದು ಒಣ ಒಣ ಅನ್ನಿಸಿತು. ಬಾಯಿ ತುಂಬ ಮಾತಾಡುವ ನಾಲ್ಕು ಜನರನ್ನು ಕೂರಿಸಿಕೊಂಡು ದಾಳ ಎಣಿಸುವುದು ಯಾಕೆ? ಆರನೇ ತಿಂಗಳಿಗೆ ಬಿಟ್ಟೆವು. ಬೆಂಕಿ ಚೆಂಡು ಎಸೆಯುವ ಮಂತ್ರವಾದಿ ಆಗಬೇಕು ಅನ್ನುವವರಿಗೂ ಇಲ್ಲಿ ಜಾಗ ಇಲ್ಲ. ನನ್ನ ಒಬ್ಬ ಗೆಳೆಯ ಎರಡು ಭಾನುವಾರ ಬಂದು ಅದೇ ಕಾರಣಕ್ಕೆ ಹೋದ. ತಪ್ಪು ಅವನದೂ ಅಲ್ಲ, ಆಟದ್ದೂ ಅಲ್ಲ.

ನಿಜವಾದ ತಲೆನೋವು ಬೇರೆ. ನಮ್ಮಲ್ಲಿ ಒಬ್ಬನಿಗೆ ಟೋಲ್ಕೀನ್ ಕಾದಂಬರಿಯ ಕೊನೆಗೆ ಕೊಟ್ಟ ಅನುಬಂಧಗಳು ಬಾಯಿಪಾಠ. ಪಂಡಿತ ಅಂತಲೇ ಕರೆಯುತ್ತೇವೆ, ಆಡುವುದು ಕುಳ್ಳ (ಡ್ವಾರ್ಫ್) ಯೋಧನ ಪಾತ್ರ. ನಾನು ಒಂದು ಹೋಟೆಲಿನಲ್ಲಿ ಟೋಲ್ಕೀನ್ ಕಥೆಯ ಕುಳ್ಳ ಬಾಲಿನ್‌ನನ್ನು ಕೂರಿಸಿದರೆ "ಅವನು ಕುಳ್ಳರ ಬೆಟ್ಟ ಎರೆಬೋರ್‌ನಲ್ಲಿ ಇರಬೇಕಲ್ಲ?" ಅನ್ನುತ್ತಾನೆ. 2949ರಲ್ಲಿ ಬಾಲಿನ್ ಬಿಲ್ಬೋನನ್ನು ನೋಡಲು ಬಂದಿದ್ದನಲ್ಲ, ಮತ್ತೆ ಬರಬಾರದಾ ಅಂತ ನಾನೂ ಹುಡುಕಿ ತೆಗೆದು ಉತ್ತರ ಕೊಟ್ಟೆ. ಇಬ್ಬರೂ ಹದಿನೈದು ನಿಮಿಷ ವಾದ ಮಾಡಿದೆವು. ಉಳಿದ ಮೂವರು ಮೊಬೈಲ್ ತೆಗೆದರು. ಆವತ್ತೇ ನಿಯಮ ಮಾಡಿದೆವು: ಮೇಜಿನ ಮೇಲೆ ಹೇಳಿದ್ದೇ ನಿಜ, ತಿದ್ದುಪಡಿ ಏನಿದ್ದರೂ ಕಾಫಿ ಹೊತ್ತಿನಲ್ಲಿ. ಜೊತೆಗೆ ಪಂಡಿತನಿಗೆ ಒಂದು ನೋಟ್‌ಬುಕ್ ಕೊಟ್ಟು ವರ್ಷದ ಲೆಕ್ಕ ಇಡುವ ಕೆಲಸ ಹಚ್ಚಿದೆ. ಪುಟಕ್ಕೊಂದು ವರ್ಷ. ಅಲ್ಲಿಂದ ಅವನೇ ನನ್ನ ದೊಡ್ಡ ಆಸ್ತಿ.

ಕೊನೆ ಗೊತ್ತಿರುವ ಕಥೆಯ ಬಗ್ಗೆ ನನಗಿದ್ದ ಅನುಮಾನ ಹೋದದ್ದು ಬ್ಯಾಗ್ ಎಂಡ್‌ನಲ್ಲಿ. ಬಿಲ್ಬೋ ಇಲ್ಲಿ ಪಾತ್ರಗಳನ್ನು ಕೆಲಸಕ್ಕೆ ಕಳಿಸುವ ಪೋಷಕರಲ್ಲಿ ಒಬ್ಬ. ಚಹಾಕ್ಕೆ ಕರೆದಿದ್ದ. ಮಾತಿನ ನಡುವೆ ನಾನು ಏನೂ ಯೋಚಿಸದೆ, "ಅವನ ಕೈ ಪದೇ ಪದೇ ಕೋಟಿನ ಜೇಬಿಗೆ ಹೋಗುತ್ತಿದೆ" ಅಂದೆ. ಮೇಜು ಗಪ್‌ಚುಪ್. ನಾಲ್ವರಿಗೂ ಜೇಬಿನಲ್ಲಿ ಏನಿದೆ ಅಂತ ಗೊತ್ತು. ಅವರ ಪಾತ್ರಗಳಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗ್ಯಾಂಡಾಲ್ಫನಿಗೇ ಆಗ ಖಚಿತ ಇರಲಿಲ್ಲ. ಹಾಬಿಟ್ ಆಡುವವಳು ಕಿಟಕಿ ಕಡೆ ತಿರುಗಿ, "ಇನ್ನೊಂದು ತುಂಡು ಕೇಕ್ ಇದೆಯಾ?" ಅಂತ ಕೇಳಿದಳು. ಮೈ ಜುಂ ಅಂತು.

ನನ್ನ ಅಜ್ಜನ ಜೊತೆ ತಾಳಮದ್ದಳೆಗೆ ಹೋಗುತ್ತಿದ್ದೆ. ಸಂಧಾನದ ಪ್ರಸಂಗ. ಸಂಧಾನ ಮುರಿದು ಬೀಳುತ್ತದೆ ಅಂತ ಅಲ್ಲಿ ಕೂತ ಮಕ್ಕಳಿಗೂ ಗೊತ್ತು. ಆದರೂ ಕೌರವ ಇವತ್ತು ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಅಂತ ಇಡೀ ಸಭೆ ಮುಂದಕ್ಕೆ ಬಾಗಿರುತ್ತಿತ್ತು. ಪದ್ಯ ಬದಲಾಗುವುದಿಲ್ಲ, ಅರ್ಥ ಮಾತ್ರ ದಿನಾ ಹೊಸದು. ಇಷ್ಟು ಗೊತ್ತಿದ್ದೂ ನಾನು ಶುರುವಿನಲ್ಲಿ ಯಾಕೆ ಹಿಂಜರಿದೆನೋ.

ಕೊಳ್ಳುವವರಿಗೆ ಎರಡು ಮಾತು. ಹೊರದೇಶದಿಂದ ತರಿಸಿದ ನನ್ನ ಪೆಟ್ಟಿಗೆ ಮೂಲೆ ಜಜ್ಜಿಕೊಂಡೇ ಬಂತು, ಸಾಗಣೆ ಖರ್ಚು ಬೇರೆ. ಮೂಲ ನಿಯಮ ಪುಸ್ತಕ ಒಂದು ಪ್ರತಿ ಮೇಜಿಗೆ ಸಾಕು, ಉಳಿದದ್ದು ಪಿಡಿಎಫ್‌ನಲ್ಲಿ ನಡೆಯುತ್ತದೆ. ಸ್ಟಾರ್ಟರ್ ಸೆಟ್ ಹಾಬಿಟ್‌ಗಳ ನಾಡು ಶೈರ್‌ನೊಳಗೇ ಸುತ್ತುವ ತಮಾಷೆಯ ಕಥೆಗಳು. ಮಕ್ಕಳ ಜೊತೆ ಆಡಲು ಅದು ಚೆಂದ. ಕುಳ್ಳರ ಹಳೆಯ ನೆಲದಡಿಯ ನಗರ ಮೊರಿಯಾ ಬಗೆಗಿನ ದಪ್ಪ ಪುಸ್ತಕ 2024ರಲ್ಲಿ ಬಂತು. ನಾನು ಅದನ್ನು ಕೊಂಡು ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ.

ಬಚ್ಚಿಟ್ಟದ್ದು ಪಂಡಿತನಿಂದ. ಅವನ ಕುಳ್ಳ ಯೋಧನಿಗೂ ಬಾಲಿನ್‌ಗೂ ಈಗ ಗಾಢ ಸ್ನೇಹ. ಬಾಲಿನ್ 2989ರಲ್ಲಿ ಜನ ಕಟ್ಟಿಕೊಂಡು ಮೊರಿಯಾಗೆ ಹೋಗುತ್ತಾನೆ, ಐದು ವರ್ಷದಲ್ಲಿ ಸಾಯುತ್ತಾನೆ, ಜೊತೆಗೆ ಹೋದವರೂ ಉಳಿಯುವುದಿಲ್ಲ. ಪಂಡಿತನಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಆಟದೊಳಗೆ ವರ್ಷದ ಕೊನೆಗೆ ಬರುವ ಯೂಲ್ ಬಿಡುವಿನಲ್ಲಿ, ಕಳೆದ ಸಲ, ಅವನು ವಾರಸುದಾರನನ್ನು ಬೆಳೆಸಲು ಶುರು ಮಾಡಿದ. ಅದಕ್ಕೊಂದು ನಿಯಮವೇ ಇದೆ, ಪಾತ್ರ ಸತ್ತರೆ ಮುಂದಿನವನು ಸ್ವಲ್ಪ ಬಲದಿಂದ ಹೊರಡುತ್ತಾನೆ. ನಮ್ಮ ಆಟ ಈಗ 2970ರಲ್ಲಿದೆ. ಮೊನ್ನೆ ಅವನು ಕಾಫಿ ತರಲು ಎದ್ದಾಗ ನೋಟ್‌ಬುಕ್ ತಿರುವಿದೆ. 2989ರ ಪುಟದಲ್ಲಿ ಆಗಲೇ ಪೆನ್ಸಿಲ್‌ನಲ್ಲಿ ಬರೆದಿದ್ದಾನೆ: "ನಾನೂ ಹೊರಟೆ."