ಗಾಬ್ಲಿನ್ ಮುದ್ದಾಗಿವೆ ಎಂದು ಮಗುವಿಗೆ ಆ ತಂಡ ಕೊಡಬೇಡಿ

ಓರ್ಕ್, ಗಾಬ್ಲಿನ್, ಎಲ್ಫ್‌ನಂಥ ಕಾಲ್ಪನಿಕ ಜೀವಿಗಳ ಬೊಂಬೆಗಳಿಂದ ಆಡುವ, ಅಮೆರಿಕನ್ ಫುಟ್‌ಬಾಲ್ ಮಾದರಿಯ ಬೋರ್ಡ್ ಆಟ ಬ್ಲಡ್ ಬೌಲ್. ಅದರ ಪೆಟ್ಟಿಗೆ ಮನೆಗೆ ಬರುತ್ತದೆ, ಒಂದೇ ಒಂದು ಆಟ ನಡೆಯುತ್ತದೆ, ಮರುದಿನ ಪೆಟ್ಟಿಗೆ ಅಟ್ಟ ಸೇರುತ್ತದೆ. ಮಕ್ಕಳ ಜೊತೆ ಶುರುಮಾಡಿದಾಗ ಆಟ ಕೆಡುವ ರೀತಿ ಹೆಚ್ಚುಕಮ್ಮಿ ಒಂದೇ. ದೊಡ್ಡವರು ಓರ್ಕ್ ತಂಡ ಇಟ್ಟುಕೊಳ್ಳುತ್ತಾರೆ, ಮಗು ಉದ್ದಗಿವಿಯ ಪುಟ್ಟ ಗಾಬ್ಲಿನ್‌ಗಳನ್ನು ಆರಿಸುತ್ತದೆ. ಪೂರ್ತಿ ನಿಯಮ, ತಲಾ 11 ಆಟಗಾರರು, ಅರ್ಧಕ್ಕೆ 8 ಸರದಿ. ಮೊದಲ ಸರದಿಯಲ್ಲೇ ಮಗು ಹುರುಪಿನಿಂದ ಎದುರಿನ ಓರ್ಕ್‌ಗೆ ಗುದ್ದಲು ಹೋಗುತ್ತದೆ. ತನ್ನ ಗಾಬ್ಲಿನ್ನೇ ಬೀಳುತ್ತದೆ. ಟರ್ನ್‌ಓವರ್, ಸರದಿ ಅಲ್ಲಿಗೆ ಖಲಾಸ್. ಉಳಿದ 10 ಬೊಂಬೆಗಳನ್ನು ಮುಟ್ಟುವಂತೆಯೂ ಇಲ್ಲ. ಮೊದಲರ್ಧ ಮುಗಿಯುವಷ್ಟರಲ್ಲಿ ಅಂಕಣದಲ್ಲಿ ಐದೋ ಆರೋ ಗಾಬ್ಲಿನ್ ಉಳಿದಿರುತ್ತವೆ, ಮಗುವಿನ ಕಣ್ಣು ತುಂಬಿರುತ್ತದೆ.

ಗೇಮ್ಸ್ ವರ್ಕ್‌ಶಾಪ್ ಈ ಆಟವನ್ನು ಮೊದಲು ತಂದದ್ದು 1986ರಲ್ಲಿ. ಇಲ್ಲಿರುವ ಅಂಕಿಗಳು 2020ರ ನಿಯಮಪುಸ್ತಕದವು.

ಈಗ ಲೆಕ್ಕ ನೋಡಿ. ಬ್ಲಾಕ್ ದಾಳದ ಆರು ಮುಖಗಳಲ್ಲಿ ಒಂದು ತಲೆಬುರುಡೆ, ಅಂದರೆ ಗುದ್ದಿದವನೇ ಬೀಳುತ್ತಾನೆ. ಇನ್ನೊಂದರಲ್ಲಿ ಇಬ್ಬರೂ ಬೀಳುತ್ತಾರೆ. ಒಂದೇ ದಾಳದಿಂದ ಗುದ್ದಿದರೆ ಸರದಿ ಕಳೆದುಕೊಳ್ಳುವ ಸಾಧ್ಯತೆ ಮೂರರಲ್ಲಿ ಒಂದು. ನಿಮ್ಮ ಬಲ ಹೆಚ್ಚಿದ್ದು ಎರಡು ದಾಳ ಉರುಳಿಸಿ ನೀವೇ ಆರಿಸಿಕೊಂಡರೆ ಅದು ಒಂಬತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಗಾಬ್ಲಿನ್ ಬಲ 2, ಓರ್ಕ್ ಬಲ 3. ಹೀಗಾಗಿ ದಾಳ ಎರಡು, ಆದರೆ ಆರಿಸುವವರು ಎದುರಾಳಿ! ಸರದಿ ಕೆಡುವ ಸಾಧ್ಯತೆ 36ರಲ್ಲಿ 20, ಅರ್ಧಕ್ಕಿಂತ ಹೆಚ್ಚು. ಬಿದ್ದ ಮೇಲಿನ ಪಾಡು ಇನ್ನೂ ಕೆಟ್ಟದ್ದು. ಗಾಬ್ಲಿನ್ ಕವಚ 8+, ಅಂದರೆ ಎರಡು ಸಾಮಾನ್ಯ ದಾಳಗಳ ಮೊತ್ತ 8 ಅಥವಾ ಹೆಚ್ಚಾದರೆ ಅದು ಮುರಿಯುತ್ತದೆ, 42 ಶೇಕಡಾ ಸಲ. ಓರ್ಕ್ ಕವಚ 10+, ಮುರಿಯುವುದು ಬರೀ 17 ಶೇಕಡಾ. ಕವಚ ಮುರಿದ ಮೇಲೆ ಗಾಯದ ಎಸೆತದಲ್ಲಿ 7 ಅಥವಾ ಹೆಚ್ಚು ಬಿದ್ದರೆ ಸಾಕು, ಗಾಬ್ಲಿನ್ ಅಂಕಣದಿಂದ ಹೊರಗೆ. ಓರ್ಕ್‌ಗಾದರೆ ಆ ಗಡಿ 8. ಅನುಭವಿಗಳು ಗಾಬ್ಲಿನ್ ಆಡುವುದೇ ಸೋಲಿನ ಮಜಾ ಅನುಭವಿಸಲು. ಎಂಟು ವರ್ಷದ ಮಗುವಿಗೆ ಅದರಲ್ಲಿ ಯಾವ ಮಜಾ?

ಮನುಷ್ಯರ ತಂಡದಿಂದ ಶುರುಮಾಡಿಸಿ. 4 ಬ್ಲಿಟ್ಜರ್ (ಗುದ್ದುವವರು), 2 ಥ್ರೋವರ್ (ಚೆಂಡು ಎಸೆಯುವವರು), 2 ಕ್ಯಾಚರ್ (ಹಿಡಿಯುವವರು), 4 ಲೈನ್‌ಮನ್ (ಸಾಮಾನ್ಯ ಆಟಗಾರರು) ಸೇರಿ 8,30,000 ಚಿನ್ನದ ನಾಣ್ಯ. ತಲಾ 50,000ದಂತೆ 3 ರೀರೋಲ್ (ದಾಳವನ್ನು ಮತ್ತೆ ಉರುಳಿಸುವ ಅವಕಾಶ) ಕೊಂಡರೂ 9,80,000, ತಂಡ ಕಟ್ಟಲು ಆಟದಲ್ಲಿರುವ ಹತ್ತು ಲಕ್ಷದ ಮಿತಿಯೊಳಗೇ ಇರುತ್ತದೆ. ಬ್ಲಿಟ್ಜರ್‌ಗಳಿಗೆ ಬ್ಲಾಕ್ ಕೌಶಲವಿರುವುದರಿಂದ ‘ಇಬ್ಬರೂ ಬೀಳುವ’ ಮುಖ ಬಂದರೂ ಅವರು ಬೀಳುವುದಿಲ್ಲ. ಗುದ್ದಾಟವನ್ನೆಲ್ಲ ಮೊದಲು ಅವರಿಂದಲೇ ಮಾಡಿಸಿ.

ನಿಯಮಕ್ಕಿಂತ ಮುಂಚೆ ಕಲಿಸಬೇಕಾದದ್ದು ಸರದಿಯೊಳಗಿನ ಕ್ರಮ. ದಾಳವೇ ಬೇಡದ ಕೆಲಸ ಮೊದಲು: ಬಿದ್ದವರನ್ನು ಎಬ್ಬಿಸುವುದು, ಎದುರಾಳಿಯ ಪಕ್ಕದಲ್ಲಿಲ್ಲದವರನ್ನು ನಡೆಸುವುದು. ಆಮೇಲೆ ಎರಡು ದಾಳದ ಗುದ್ದು. ಚೆಂಡಿನ ಕೆಲಸ ಕಟ್ಟಕಡೆಗೆ. ಮಕ್ಕಳು ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ, ಕಣ್ಣು ಮೊದಲು ಹೋಗುವುದೇ ಚೆಂಡಿನ ಕಡೆಗೆ. ದಾಳದಲ್ಲಿ 3 ಅಥವಾ ಹೆಚ್ಚು ಬೀಳಬೇಕಾದ ಮೂರು ಎಸೆತ ಒಂದರ ಹಿಂದೊಂದು ಗೆಲ್ಲುವ ಸಾಧ್ಯತೆ 27ರಲ್ಲಿ 8. ಚೆಂಡು ಎತ್ತಿ, ಎಸೆದು, ಹಿಡಿಯುವ ಆಸೆ ಹತ್ತರಲ್ಲಿ ಏಳು ಸಲ ನೆಲಕಚ್ಚುತ್ತದೆ ಎಂದಾಯಿತು.

ಪೂರ್ತಿ ಆಟವೇ ಬೇಕೆಂಬ ಹಟ ಬಿಡಿ. 26×15 ಚೌಕದ ಅಂಕಣಕ್ಕೆ ಬದಲು 20×11 ಚೌಕದ ಸೆವೆನ್ಸ್ ಎಂಬ ಚಿಕ್ಕ ರೂಪ ಇದೆ. ತಲಾ 7 ಆಟಗಾರರು, 6,00,000 ನಾಣ್ಯ, ಅರ್ಧಕ್ಕೆ 6 ಸರದಿ. ಒಂದೇ ತಂಡದಿಂದ ಪಂದ್ಯದ ಮೇಲೆ ಪಂದ್ಯ ಆಡುವ ಲೀಗ್ ಅಂತೂ ಸದ್ಯಕ್ಕೆ ಬೇಡವೇ ಬೇಡ, ಅಲ್ಲಿ ಸತ್ತ ಆಟಗಾರ ಸತ್ತೇ ಹೋಗುತ್ತಾನೆ. ಮಗು ತಾನೇ ಬಣ್ಣ ಬಳಿದು ಹೆಸರಿಟ್ಟ ಬೊಂಬೆಯನ್ನು ಪಟ್ಟಿಯಿಂದ ಹೊಡೆದುಹಾಕಿ ನೋಡಿ, ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. 2016ರ ಪುಸ್ತಕದಲ್ಲಿ ಚುರುಕುತನದ ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು, ಎಲ್ಫ್‌ಗೆ 4. 2020ರಿಂದ ಅದು ದಾಳದಲ್ಲಿ ಬೀಳಬೇಕಾದ ಸಂಖ್ಯೆ, ಎಲ್ಫ್‌ಗೆ 2+. ಹಳೆಯ ಪಟ್ಟಿಯ 4ನ್ನು 4+ ಎಂದು ಓದಿದರೆ ಜಿಂಕೆಯಂಥ ಎಲ್ಫ್ ಎಮ್ಮೆಯಾಗುತ್ತದೆ. ಕವಚದ್ದೂ ಹಾಗೇ. ಹಳೆಯ 8 ಎಂದರೆ ಎಂಟನ್ನು ದಾಟಬೇಕು, ಅಂದರೆ ಹೊಸ 9+. ಅದನ್ನು 8+ ಎಂದುಕೊಂಡರೆ ಕವಚ ಮುರಿಯುವ ಸಾಧ್ಯತೆ 28ರಿಂದ 42 ಶೇಕಡಾಕ್ಕೆ ಜಿಗಿಯುತ್ತದೆ, ಬೊಂಬೆಗಳು ಯಾಕೆ ಇಷ್ಟು ಬೇಗ ಖಾಲಿಯಾಗುತ್ತಿವೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಪಟ್ಟಿ, ಪುಸ್ತಕ ಎರಡೂ ಒಂದೇ ಆವೃತ್ತಿಯವಾಗಿರಲಿ.

ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರಬಹುದು. ಮಕ್ಕಳ ಕೈಯಲ್ಲಿ ಅವನ್ನು ಅರದಿಂದ ಉಜ್ಜಿಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಸಿ. ಅಂಟಿನ ವಿಷಯವೂ ಅಷ್ಟೇ: ಪ್ಲಾಸ್ಟಿಕ್ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ಲೋಹಕ್ಕೂ ರೆಸಿನ್‌ಗೂ ಅದು ಹಿಡಿಯುವುದೇ ಇಲ್ಲ. ಅವಕ್ಕೆ ಸೂಪರ್ ಗ್ಲೂ ಬೇಕು, ಅದನ್ನು ಹಚ್ಚುವ ಕೆಲಸ ದೊಡ್ಡವರದು. ಚೆಂಡು ಹಿಡಿದ ಲೋಹದ ಬೊಂಬೆಯ ಕೈ ಟಚ್‌ಡೌನ್‌ಗೆ, ಅಂದರೆ ಅಂಕ ಗಳಿಸಲು, ಎರಡು ಚೌಕ ಇರುವಾಗ ಉದುರಿದರೆ, ಹಚ್ಚಿದ್ದು ಯಾವ ಅಂಟು ಎಂದು ಮೊದಲು ನೋಡಿ.